ಘಟ್ಟ ಏರುವಾಗ ಹೀಟ್: ಫ್ಯಾನ್ ಕ್ಲಚ್ ಹೋಗೇತೋ ಇಲ್ಲೋ ಹೆಂಗ ತಿಳಿಯೋದು?

ಗದಗ_ಹತ್ತುಗಾಲಿ:
ಹತ್ತು ಗಾಲಿ ಲಾರಿ, ಬಿಎಸ್-4 (ಹೊಗೆ ನಿಯಮದ ಹಂತ) ಇಂಜಿನ್, ವೈರ್ ಇಲ್ಲದ ವಿಸ್ಕಸ್ ಫ್ಯಾನ್, ಅಂದ್ರ ಬಿಸಿಯಾದಾಗ ಫ್ಯಾನ್ ಹಿಡಿದು ತಣ್ಣಗಾದಾಗ ಸಡಿಲ ಬಿಡೋ ಆಯಿಲ್ ಕ್ಲಚ್ ಇರೋದು. ಅಂಕೋಲಾ ಕಡಿಂದ ಲೋಡ್ ಹಾಕ್ಕೊಂಡು ಅರಬೈಲ್ ಘಟ್ಟ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪಿನ ಹತ್ರ ಹೋಗ್ತೈತಿ. ಯಲ್ಲಾಪುರ ದಾಟಿ ಗಾಡಿ ಓಟಕ್ಕ ಬಿತ್ತಂದ್ರ ತಾನ ಇಳೀತೈತಿ. ಹುಬ್ಬಳ್ಳಿ–ಗದಗ ರೋಡಿನ್ಯಾಗ ಏನೂ ತ್ರಾಸಿಲ್ಲ. ಥರ್ಮೋಸ್ಟ್ಯಾಟ್ ಹೊಸಾದು, ಬೆಲ್ಟ್ ಬಿಗಿ ಐತಿ, ಕೂಲಂಟ್ ಕಮ್ಮಿ ಆಗಂಗಿಲ್ಲ. ಗ್ಯಾರೇಜಿನ್ಯಾಗ ಫ್ಯಾನ್ ಕೈಲೆ ತಿರುವಿ, ‘ಸಲೀಸ್ ತಿರಗ್ತೈತಿ, ಕ್ಲಚ್ ಹೋಗೇತಿ’ ಅಂತಾರ. ಅದೇನು ಸಸ್ತಾ ಸಾಮಾನಲ್ಲ. ತರೋಕಿಂತ ಮೊದಲ ಖಾತ್ರಿ ಮಾಡ್ಕೊಳ್ಳೋದು ಹೆಂಗ್ರಿ?

ಡೀಸೆಲ್_ಫಿಟ್ಟರ್_ಹುಬ್ಬಳ್ಳಿ:
ಲಕ್ಷಣ ಫ್ಯಾನಿಂದ ಅನ್ನೂ ಹಂಗ ಐತ್ರಿ. ಗಾಡಿ 60ರ ಮ್ಯಾಲ ಓಡುವಾಗ ಎದುರಗಾಳಿನ ರೇಡಿಯೇಟರಿಗೆ ಸಾಕು. ಫುಲ್ ಲೋಡಿನ್ಯಾಗ 15–20ರಾಗ ಘಟ್ಟ ಏರುವಾಗ ಫ್ಯಾನ್ ಬಿಟ್ರ ಬ್ಯಾರೆ ಗತಿ ಇಲ್ಲ. ಉಲ್ಟಾ ಇದ್ದಿದ್ರ, ಅಂದ್ರ ಸಪಾಟ್ ರೋಡಿನ್ಯಾಗ ಓಟದಾಗೂ ಹೀಟ್ ಆಗ್ತಿದ್ರ, ರೇಡಿಯೇಟರ್ ಒಳಗ ಕಟ್ಟಿರೋದು, ವಾಟರ್ ಪಂಪ್, ಹೆಡ್ ಗ್ಯಾಸ್ಕೆಟ್ ಮೊದಲ ನೋಡಬೇಕಾಗ್ತಿತ್ತು.

ಆದ್ರ ತಣ್ಣಗಿದ್ದಾಗ ಒಮ್ಮೆ ಕೈಲೆ ತಿರುವಿ ಕ್ಲಚ್ ಹೋಗೇತಿ ಅನ್ನೋದು ಸರಿಯಲ್ಲ. ತಣ್ಣಗಿದ್ದಾಗ ಅದು ತಿರಗಬೇಕು. ಹೆಂಗ ತಿರಗ್ತೈತಿ ಅನ್ನೋದು ಮುಖ್ಯ. ಕ್ಲಚ್ ಒಳಗ ಸಿಲಿಕಾನ್ ಆಯಿಲ್ ಐತಿ. ಮುಂದಿನ ಬೈಮೆಟಲ್ ಪಟ್ಟಿಗೆ (ಬಿಸಿಗೆ ಬಾಗೋ ಎರಡು ಲೋಹದ ಪಟ್ಟಿ) ರೇಡಿಯೇಟರ್ ದಾಟಿ ಬಂದ ಬಿಸಿಗಾಳಿ ತಾಗಿದ್ರ ಒಳಗ ವಾಲ್ವ್ ತೆರೀತೈತಿ, ಆಯಿಲ್ ಕೆಲಸದ ಖಾನೆಗೆ ಹೋಗಿ ಫ್ಯಾನ್ ಹಿಡೀತೈತಿ. ಗಾಳಿ ತಣ್ಣಗಾದ್ರ ಆಯಿಲ್ ವಾಪಸ್ ಹೋಗ್ತೈತಿ, ಫ್ಯಾನ್ ಸಡಿಲ.

ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಕಿವಿ ಕೊಡ್ರಿ. ರಾತ್ರಿ ನಿಂತಾಗ ಆಯಿಲ್ ಕೆಲಸದ ಖಾನೆಗೆ ಇಳಿದಿರ್ತೈತಿ, ಅದಕ್ಕ ಒಂದೆರಡು ನಿಮಿಷ ಫ್ಯಾನ್ ಗುಂಯ್ ಅಂದು ಆಮೇಲೆ ಸದ್ದು ಇಳೀಬೇಕು. ಆ ಸದ್ದು ಇಲ್ಲವೇ ಇಲ್ಲ ಅಂದ್ರ ಆಯಿಲ್ ಸೋರಿದ ಅನುಮಾನ. ಯಾವತ್ತೂ ನಿಲ್ಲಂಗಿಲ್ಲ ಅಂದ್ರ ಕ್ಲಚ್ ಜಾಮ್.

ಆಮೇಲೆ ಬಿಸಿ ಪರೀಕ್ಷೆ. ರೇಡಿಯೇಟರ್ ಮುಂದ ರಟ್ಟು ಕಟ್ಟಿ ಮುಕ್ಕಾಲು ಭಾಗ ಮುಚ್ಚಿ, ಇಂಜಿನ್ 1500 ಆರ್‌ಪಿಎಂ ಮ್ಯಾಲ ಹಿಡೀರಿ, ಒಬ್ಬರು ಮುಳ್ಳಿನ ಮ್ಯಾಲ ಕಣ್ಣಿಡ್ರಿ. ಸುಮಾರು 95 ಡಿಗ್ರಿ ಆಸುಪಾಸಿಗೆ ಗಾಳಿಯ ಆರ್ಭಟ ಒಮ್ಮಿಂದೊಮ್ಮೆ ಏರಬೇಕು. ರಟ್ಟು ತಗದ್ರ ಮುಳ್ಳು ಇಳಿದು ಸದ್ದೂ ಇಳೀಬೇಕು. 100 ದಾಟಿದ್ರೂ ಸದ್ದು ಬದಲಾಗ್ಲಿಲ್ಲಂದ್ರ ಅಲ್ಲಿಗೇ ನಿಲ್ಲಿಸ್ರಿ, ಕೆಂಪಿಗೆ ಮುಟ್ಟಿಸಬ್ಯಾಡ್ರಿ. ಇಂಜಿನ್ ಆಫ್ ಮಾಡಿ, ಕೀಲಿ ಕಿತ್ತು ಕಿಸೆದಾಗ ಹಾಕ್ಕೊಂಡು, ಫ್ಯಾನ್ ತಿರುವಿ ನೋಡ್ರಿ. ಬಿಸಿ ಕ್ಲಚ್ ಬಿಗಿಯಾಗಿರಬೇಕು. ತಳ್ಳಿದ್ರ ಸುತ್ತಿನ ಮ್ಯಾಲ ಸುತ್ತು ಹೋಗೋದಿದ್ರ ಒಳಗ ಆಯಿಲ್ ಇಲ್ಲ.

ಹಂಗ ರೆಕ್ಕೆಯ ತುದಿ ಹಿಡಿದು ಹಿಂದ-ಮುಂದ ಅಲ್ಲಾಡಿಸ್ರಿ. ಆಟ ಇದ್ರ ಬೇರಿಂಗ್ ಸವೆದೈತಿ, ಕ್ಲಚ್ಚಿಂದೋ ವಾಟರ್ ಪಂಪಿಂದೋ ಬ್ಯಾರೆ ನೋಡ್ರಿ. ಕ್ಲಚ್ ಮೈಮ್ಯಾಲ ನಡುವಿಂದ ಅಂಚಿಗೆ ಕಿರಣದಂಗ ಹಬ್ಬಿದ ಕರೀ ಜಿಡ್ಡಿನ ಗೆರಿ ಇದ್ರ ಸೋರಿಕೆ ಪಕ್ಕಾ. ಆಯಿಲ್ ತುಂಬಿಸ್ತೀನಿ ಅನ್ನೋರ ಮಾತು ಕೇಳಬ್ಯಾಡ್ರಿ: ಸೀಲ್ ಹೋಗೇತಿ ಅಂತನ ಸೋರೇತಿ, ಮತ್ತ ಸೋರ್ತೈತಿ.

ಅಂಕಿನ ಬೇಕಂದ್ರ ಫೋಟೋ ಟ್ಯಾಕೋಮೀಟರ್ (ಬೆಳಕು ಬಿಟ್ಟು ಸುತ್ತಿನ ವೇಗ ಅಳೆಯೋದು) ತಗೊಂಡು ಒಂದು ರೆಕ್ಕೆಗೂ ಫ್ಯಾನ್ ಪುಲ್ಲಿಗೂ ಹೊಳೆಯೋ ಟೇಪ್ ಹಚ್ರಿ. ಟೇಪ್ ಹಚ್ಚೋದು ಇಂಜಿನ್ ಬಂದ್ ಇದ್ದಾಗ. ಪೂರ್ತಿ ಹಿಡಿದಾಗ ಫ್ಯಾನ್ ಪುಲ್ಲಿ ವೇಗದ 80–90 ಪ್ರತಿಶತ ಓಡಬೇಕು, ಸಡಿಲಿದ್ದಾಗ ಸುಮಾರು 25–30. ಹೋಲಿಸೋದು ಪುಲ್ಲಿ ಜೋಡಿ, ಇಂಜಿನ್ ಆರ್‌ಪಿಎಂ ಜೋಡಿ ಅಲ್ಲ. ಎರಡೂ ಒಂದ ಇರಬೇಕಂತಿಲ್ಲ.

ರೇಡಿಯೇಟರ್_ರಾಣೆಬೆನ್ನೂರು:
ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ರಟ್ಟಿನ ಪರೀಕ್ಷೆಯಲ್ಲಿ ಫ್ಯಾನ್ ಹಿಡಿಯಲಿಲ್ಲ ಅಂತ ನೇರ ಅಂಗಡಿಗೆ ಓಡಬೇಡಿ. ಕ್ಲಚ್ಚಿಗೆ ಕೂಲಂಟ್ ಎಷ್ಟು ಬಿಸಿ ಐತಿ ಅಂತ ಗೊತ್ತೇ ಆಗೋದಿಲ್ಲ, ಅದಕ್ಕೆ ತಿಳಿಯೋದು ತನ್ನ ಮುಖಕ್ಕೆ ಬಡಿಯೋ ಗಾಳಿ ಮಾತ್ರ. ಆ ಗಾಳಿಯೇ ಬಿಸಿ ಇಲ್ಲದಿದ್ದರೆ ಒಳ್ಳೆ ಕ್ಲಚ್ಚೂ ಹಿಡಿಯೋದಿಲ್ಲ. ರೇಡಿಯೇಟರ್ ನಟ್ಟನಡುವಿನ ಟ್ಯೂಬುಗಳು ಒಳಗೆ ಕಟ್ಟಿದ್ದರೆ ಅಲ್ಲಿ ಬಿಸಿ ಕೂಲಂಟ್ ಹರಿಯೋದಿಲ್ಲ, ಬೈಮೆಟಲ್ ಎದುರಿನ ಗಾಳಿ ತಣ್ಣಗೇ ಇರುತ್ತದೆ, ಇತ್ತ ಇಂಜಿನ್ ಕುದಿಯುತ್ತದೆ. ಹೊಸ ಕ್ಲಚ್ ಹಾಕಿದರೂ ಅದೇ ಹಾಡು.

ನೋಡೋದು ಸುಲಭ. ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಬಿಸಿ ರೇಡಿಯೇಟರಿನ ಜಾಲಿಯ ಮೇಲೆ ಕೂಲಂಟ್ ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ಸಾಲಾಗಿ ಅಳೆಯಿರಿ. ಉಷ್ಣ ನಿಧಾನಕ್ಕೆ ಇಳಿಯುತ್ತ ಹೋಗಬೇಕು. ನಡುವೆ ಎಲ್ಲಾದರೂ ಒಮ್ಮೆಗೇ ತಣ್ಣನೆ ತೇಪೆ ಸಿಕ್ಕರೆ ಅಲ್ಲಿ ಟ್ಯೂಬ್ ಕಟ್ಟಿದೆ.

ಹೊರಗಿನ ಕಸ ಇನ್ನೊಂದು. ನಮ್ಮ ಕಡೆ ಗೋವಿನಜೋಳದ ರವದಿ, ಹತ್ತಿಯ ಎಳೆ, ಬ್ಯಾಡಗಿ ಮಾರ್ಕೆಟಿನ ಮೆಣಸಿನಕಾಯಿ ಧೂಳು ಎಲ್ಲ ಸೇರಿ ಇಂಟರ್‌ಕೂಲರ್ (ಟರ್ಬೋದಿಂದ ಇಂಜಿನ್ನಿಗೆ ಹೋಗೋ ಗಾಳಿ ತಣ್ಣಗೆ ಮಾಡೋ ಜಾಲಿ) ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಕಂಬಳಿಯಂತೆ ಕೂತಿರುತ್ತದೆ. ಮುಂದಿನಿಂದ ನೋಡಿದರೆ ಇಂಟರ್‌ಕೂಲರ್ ಫಳಫಳ, ಅದಕ್ಕೇ ಯಾರಿಗೂ ಅನುಮಾನ ಬರೋದಿಲ್ಲ. ಎರಡರ ನಡುವಿನ ಬೋಲ್ಟ್ ಬಿಚ್ಚಿ ಸಂದಿ ಮಾಡಿಕೊಂಡು, ಇಂಜಿನ್ ಕಡೆಯಿಂದ ಹೊರಗೆ, ಅಂದರೆ ಗಾಳಿ ಬರುವ ದಿಕ್ಕಿಗೆ ಉಲ್ಟಾ, ಕಡಿಮೆ ಪ್ರೆಷರ್ ನೀರು ಹೊಡೆಯಿರಿ. ಸರ್ವಿಸ್ ಸ್ಟೇಷನ್ನಿನ ಗನ್ ಹತ್ತಿರ ಹಿಡಿದರೆ ಫಿನ್ ಮಡಚಿ ಇನ್ನೊಂದು ತೊಂದರೆ ಶುರು.

ಫ್ಯಾನಿನ ಸುತ್ತಲಿನ ಶ್ರೌಡ್ ಒಡೆದಿದೆಯೇ ನೋಡಿ. ಒಡೆದಿದ್ದರೆ ಫ್ಯಾನ್ ರೇಡಿಯೇಟರ್ ಮೂಲಕ ಎಳೆಯೋ ಬದಲು ಇಂಜಿನ್ ಪಕ್ಕದ ಬಿಸಿಗಾಳಿಯನ್ನೇ ಸುತ್ತಿ ಸುತ್ತಿ ಎಳೆಯುತ್ತದೆ. ಬೈಮೆಟಲ್ ಮೇಲೆ ಕೆಸರು, ಪೇಂಟ್ ಕೂತಿದ್ದರೆ ಮೆತ್ತಗಿನ ಬ್ರಶ್ಶಿನಿಂದ ತೆಗೆಯಿರಿ. ಹಾಟ್ ಏರ್ ಗನ್ ಹಿಡಿದರೆ ಪಟ್ಟಿ ತುಸು ಬಾಗೋದು, ಸುರುಳಿಯಾದರೆ ತುಸು ತಿರುಗೋದು ಕಾಣುತ್ತದೆ. ಬೆಂಕಿ ಮಾತ್ರ ಹಿಡಿಯಬೇಡಿ.

ಗದಗ_ಹತ್ತುಗಾಲಿ:
ಸಂದಿ ಬಿಚ್ಚಿಸಿ ತೊಳಸ್ತೀನ್ರಿ, ಆಮೇಲೆ ರಟ್ಟಿನ ಪರೀಕ್ಷೆ. ಇನ್ನೊಂದು: ಗ್ಯಾರೇಜಿನವರು ಬೋಲ್ಟ್ ಹಾಕಿ ಫ್ಯಾನ್ ಡೈರೆಕ್ಟ್ ಮಾಡಿ ಕೊಡ್ತೀವಿ, ಖರ್ಚ ಇಲ್ಲ ಅಂತಾರ. ಮಾಡಸಬಹುದಾ?

ಡೀಸೆಲ್_ಫಿಟ್ಟರ್_ಹುಬ್ಬಳ್ಳಿ:
ಖರ್ಚು ಡೀಸೆಲ್ಲಿನ್ಯಾಗ ಬರ್ತೈತಿ. ಫ್ಯಾನಿನ ವೇಗ ಎರಡು ಪಟ್ಟಾದ್ರ ಅದು ಎಳೆಯೋ ಶಕ್ತಿ ಎಂಟು ಪಟ್ಟು. ಡೈರೆಕ್ಟ್ ಮಾಡಿದ್ರ ಸಪಾಟ್ ರೋಡಿನ್ಯಾಗೂ, ಬೇಕಾದಾಗೂ ಬ್ಯಾಡಾದಾಗೂ ಆ ಶಕ್ತಿ ಇಂಜಿನ್ ಕೊಡ್ತಾನ ಇರಬೇಕು. ಹೈ ಆರ್‌ಪಿಎಂನಾಗ ರೆಕ್ಕೆಗೆ ಬೀಳೋ ಎಳೆತ ಬ್ಯಾರೆ. ಬಿರುಕಿದ್ದ ರೆಕ್ಕೆ ಮುರಿದ್ರ ಮೊದಲ ಹೋಗೋದು ರೇಡಿಯೇಟರ್. ಬೆಲ್ಟಿಗೂ ಪಂಪ್ ಬೇರಿಂಗಿಗೂ ಹೊರೆ.

ದಾರ್ಯಾಗ ಸಿಕ್ಕಿಬಿದ್ರ ಗ್ಯಾರೇಜಿಗೆ ಮುಟ್ಟೋತನಕ ಅಷ್ಟ. ಕೆಲವು ಕ್ಲಚ್ಚಿಗೆ ಕಂಪನಿನ ಲಾಕ್ ಬೋಲ್ಟಿನ ಜಾಗ ಇಟ್ಟಿರ್ತೈತಿ, ಅದನ್ನ ಬಳಸ್ರಿ, ವೆಲ್ಡಿಂಗ್ ಹೊಡಿಸಬ್ಯಾಡ್ರಿ. ಆರ್‌ಪಿಎಂ ಏರಿಸದ ಓಡಿಸ್ರಿ.

ಇಸಿಯು_ಧಾರವಾಡ:
ಬಿಎಸ್-6 ಗಾಡಿ ಇದ್ದವರು ಇದನ್ನು ಓದಿ ರಟ್ಟು ಕಟ್ಟೋಕೆ ಹೋಗಬೇಡ್ರಿ. ಅವುಗಳಲ್ಲಿ ಹೆಚ್ಚಿನವಕ್ಕೆ ಎಲೆಕ್ಟ್ರಾನಿಕ್ ವಿಸ್ಕಸ್ ಕ್ಲಚ್, ವಾಲ್ವ್ ತೆರೆಯೋದು ಇಸಿಯು, ಅಂದ್ರೆ ಇಂಜಿನ್ ನಡೆಸೋ ಕಂಪ್ಯೂಟರ್. ಸಾಮಾನ್ಯವಾಗಿ ವೈರ್ ಕಿತ್ತರೆ ಫ್ಯಾನ್ ಪೂರ್ತಿ ಹಿಡಿಯುವಂತೆ ಮಾಡಿರ್ತಾರೆ. ಹಾಗಾಗಿ ಅಲ್ಲಿ ಸದಾ ಆರ್ಭಟ ಅಂದ್ರೆ ಮೊದಲು ಕನೆಕ್ಟರ್ ಮತ್ತು ಫ್ಯಾನಿಗೆ ತಾಗಿ ಉಜ್ಜಿದ ವೈರ್ ನೋಡ್ರಿ, ಆಮೇಲೆ ಸ್ಕ್ಯಾನರಿನಲ್ಲಿ ಇಸಿಯು ಕೇಳಿದ ಫ್ಯಾನ್ ವೇಗ, ನಿಜವಾದ ವೇಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ರಿ.

ಯಾವ ಥರದ ಕ್ಲಚ್ ತಂದರೂ ಹಳೇದರ ಮೇಲಿನ ಪಾರ್ಟ್ ನಂಬರ್ ಹೊಂದಿಸಿ ತಗೊಳ್ರಿ. ಬೋಲ್ಟ್ ಕೂತಿತು ಅಂದ ಮಾತ್ರಕ್ಕೆ ಹಿಡಿಯೋ ಉಷ್ಣ ಒಂದೇ ಇರೋದಿಲ್ಲ. ತರುವಾಗಲೂ ಇಡುವಾಗಲೂ ಗಾಡಿಯಲ್ಲಿ ಕೂತಂತೆ ನೆಟ್ಟಗೆ ನಿಲ್ಲಿಸಿ ಇಡ್ರಿ, ಮಲಗಿಸಿದ್ರೆ ಆಯಿಲ್ ಬೇರಿಂಗ್ ಕಡೆ ಇಳಿಯಬಹುದು. ಬಿಚ್ಚುವಾಗ ನಡುವೆ ಒಂದೇ ದೊಡ್ಡ ನಟ್ ಇದ್ದರೆ ಬಲ ಹಾಕೋ ಮೊದಲು ಅದರ ಥ್ರೆಡ್ ಎಡಮರೆಯೋ ಬಲಮರೆಯೋ, ಅಂದ್ರೆ ಯಾವ ಕಡೆ ತಿರುವಿದ್ರೆ ಬಿಚ್ಚುತ್ತೆ ಅಂತ ನೋಡ್ಕೊಳ್ರಿ.