ಹೊಸ ಫ್ಲ್ಯಾಟಿನ ಒಳಾಂಗಣಕ್ಕೆ ಸ್ಫೂರ್ತಿಯನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ: ಥಾಣೆಯಿಂದ

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷ ಬಾಡಿಗೆ ಮನೆಗಳಲ್ಲಿ, ಗೋಡೆಗೆ ಒಂದು ಮೊಳೆ ಹೊಡೆಯಲೂ ಮಾಲೀಕರ ಅಪ್ಪಣೆ ಬೇಡುತ್ತ ಕಳೆದ ಮೇಲೆ, ಘೋಡಬಂದರ್ ರಸ್ತೆಯಲ್ಲಿ ನಮ್ಮದೇ ಆದ ಎರಡು ಬೆಡ್‌ರೂಮಿನ ಫ್ಲ್ಯಾಟಿನ ಕೀಲಿಕೈ ಕಳೆದ ತಿಂಗಳು ಕೈಗೆ ಬಂದಿದೆ. ಕಾರ್ಪೆಟ್ ಏರಿಯಾ 610 ಚದರ ಅಡಿ. ಹಾಲ್‌ನ ಕಿಟಕಿ ಪಶ್ಚಿಮಕ್ಕಿದೆ.

ಒಳಾಂಗಣ ಹೇಗಿರಬೇಕೆಂದು ಯೋಚಿಸಲು ತೊಡಗಿದಂದಿನಿಂದ ಮೊಬೈಲಿನಲ್ಲಿ ಚಿತ್ರಗಳನ್ನು ಕೂಡಿಡುತ್ತಿದ್ದೇನೆ. ಈಗ ಮುನ್ನೂರು ದಾಟಿವೆ. ಬಿಳಿ ಗೋಡೆ, ತಿಳಿ ಬಣ್ಣದ ಮರ, ಬೂದು ಸೋಫಾ, ಮೂಲೆಯಲ್ಲೊಂದು ಎತ್ತರದ ಗಿಡ. ನೋಡುವಾಗ ಒಂದಕ್ಕಿಂತ ಒಂದು ಚೆಂದ, ಆದರೆ ಕಣ್ಣು ಮುಚ್ಚಿದರೆ ಒಂದೂ ಬೇರೆಯಾಗಿ ನೆನಪಿಗೆ ಬರುವುದಿಲ್ಲ. ಒಂದು ಸಂಸ್ಥೆಯವರು ನಮ್ಮ ಮನೆಗೆಂದೇ ತಯಾರಿಸಿಕೊಟ್ಟ ತ್ರೀಡಿ ಚಿತ್ರಗಳೂ ಹಾಗೆಯೇ ಇವೆ. ಟಿವಿಯ ಹಿಂದಿನ ಪ್ಯಾನೆಲ್, ಫಾಲ್ಸ್ ಸೀಲಿಂಗಿನ ಅಂಚಿನಲ್ಲಿ ಅಡಗಿಸಿದ ದೀಪದ ಪಟ್ಟಿ, ಎಲ್ಲವೂ ಹನ್ನೊಂದನೆಯ ಮಹಡಿಯ ನೆರೆಯವರ ಮನೆಯಲ್ಲಿ ಇರುವಂಥವೇ. ಬಾಗಲಕೋಟೆಯ ಕಡೆಯವರಾದ ನಮ್ಮ ಅತ್ತೆಯವರು ಆ ಚಿತ್ರಗಳನ್ನು ಬಹಳ ಹೊತ್ತು ನೋಡಿ, “ಚಲೋ ಅದ. ಆದ್ರ ಇದರಾಗ ನಾ ಎಲ್ಲಿ ಕೂಡ್ಲಿ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಇಂದಿನ ವಿನ್ಯಾಸವನ್ನು ನಾನು ಬೇಡವೆನ್ನುತ್ತಿಲ್ಲ. ಹಗುರವಾದ, ಚೊಕ್ಕಟವಾದ, ಬೆಳಕಿರುವ ಮನೆ ನನಗೂ ಇಷ್ಟ. ಅದಕ್ಕೆ ಬೇಕಾದ ಸ್ಫೂರ್ತಿಯನ್ನು ಮೊಬೈಲಿನ ಆಚೆ ಎಲ್ಲಿ ಹುಡುಕಬೇಕು, ಇಷ್ಟವಾದದ್ದನ್ನು ನಮ್ಮ ಅಳತೆಗೆ ಹೇಗೆ ಇಳಿಸಿಕೊಳ್ಳಬೇಕು? ಮುಂಬಯಿ, ಪುಣೆ, ಗೋವಾಗಳಲ್ಲಿ ಮನೆ ಮಾಡಿಕೊಂಡಿರುವ ತಾವು ತಮ್ಮ ಅನುಭವವನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಮಾಟುಂಗಾದಿಂದ

ತಂಗೀ, ವಾಸ್ತುಶಿಲ್ಪಿಗಳ ಕಚೇರಿಗಳಲ್ಲಿ ಮೂವತ್ತೆರಡು ವರ್ಷ ನಕ್ಷೆ ಬರೆದವನು ನಾನು. ಆ ಅವಧಿಯಲ್ಲಿ ಜನರು ತಂದು ತೋರಿಸಿದ ಚಿತ್ರಗಳಿಗೆ ಲೆಕ್ಕವಿಲ್ಲ; ನಿಮ್ಮ ಅತ್ತೆಯವರು ಕೇಳಿದಂತಹ ಪ್ರಶ್ನೆಯನ್ನು ಕೇಳಿದವರು ಬೆರಳೆಣಿಕೆಯಷ್ಟು ಮಂದಿ. ಆ ಪ್ರಶ್ನೆಯನ್ನು ಬಿಡಬೇಡಿ.

ನೀವು ಕೂಡಿಟ್ಟಿರುವ ಬಿಳಿ ಗೋಡೆ, ತಿಳಿ ಮರದ ಶೈಲಿ ಸ್ವೀಡನ್, ಡೆನ್ಮಾರ್ಕ್‌ಗಳ ಕಡೆಯದು. ಅಲ್ಲಿ ಚಳಿಗಾಲದ ಹಗಲು ಕೆಲವೇ ಗಂಟೆಗಳದು, ಸೂರ್ಯನೂ ಮೇಲೇರದೆ ಬಾನಂಚಿನಲ್ಲಿಯೇ ಸುಳಿದು ಮುಳುಗುತ್ತಾನೆ. ಒಳಗೆ ಬಂದಷ್ಟು ಬೆಳಕನ್ನೂ ಗೋಡೆಯಿಂದ ಗೋಡೆಗೆ ದಾಟಿಸಿ ಉಳಿಸಿಕೊಳ್ಳಲು ಬಿಳಿ ಅವರಿಗೆ ನೆರವಾಯಿತು. ಬರ್ಚ್ ಮತ್ತು ಪೈನ್ ಅವರ ಕಾಡಿನಲ್ಲೇ ಬೆಳೆಯುವ ಮರಗಳು. ನಮ್ಮ ಊರಿನ ಕಷ್ಟ ಇದಕ್ಕೆ ತಿರುಗುಮುರುಗು. ಏಪ್ರಿಲಿನ ಸಂಜೆ ನಾಲ್ಕರ ಬಿಸಿಲು ನಿಮ್ಮ ಪಶ್ಚಿಮದ ಕಿಟಕಿಯಿಂದ ನುಗ್ಗಿದಾಗ ಹೊಳಪಿನ ಬಿಳಿ ಗೋಡೆ ಕಣ್ಣಿಗೆ ಚುಚ್ಚುತ್ತದೆ. ಬಿಳಿಯೇ ಬೇಕೆಂದರೆ ಹೊಳಪಿಲ್ಲದ, ಸ್ವಲ್ಪ ಮಣ್ಣಿನ ಛಾಯೆ ಬೆರೆತ ಬಿಳಿಯನ್ನು ಆರಿಸಿಕೊಳ್ಳಿ. ಯಾವುದೇ ಚಿತ್ರ ಮನಸ್ಸಿಗೆ ಹಿಡಿಸಿದಾಗ, ಅಲ್ಲಿ ಕಾಣುವ ಏರ್ಪಾಡು ಯಾವ ಊರಿನ ಯಾವ ತೊಂದರೆಯನ್ನು ನೀಗಿಸಲು ಹುಟ್ಟಿತೆಂದು ಕೇಳಿಕೊಂಡರೆ, ಆ ಮುನ್ನೂರರಲ್ಲಿ ಇಪ್ಪತ್ತು ಉಳಿದರೆ ಹೆಚ್ಚು.

ನಮ್ಮ ಊರಿನ ತೊಂದರೆಗೆ ನಮ್ಮ ಊರಿನಲ್ಲೇ ದೊರೆತ ಉತ್ತರವನ್ನು ನೋಡಬೇಕೆಂದರೆ ಪೆಡ್ಡರ್ ರಸ್ತೆಗೆ ಹೋಗಿ ಕಾಂಚನಜುಂಗಾ ಕಟ್ಟಡದ ಕಡೆಗೆ ಕತ್ತೆತ್ತಿ ನೋಡಿ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರೆಯಾ ಅವರ ವಿನ್ಯಾಸ, ಮುಗಿದದ್ದು 1983ರಲ್ಲಿ. 28 ಅಂತಸ್ತು, 32 ಮನೆಗಳು. ಖಾಸಗಿ ಮನೆಗಳಾದ್ದರಿಂದ ಒಳಗೆ ಬಿಡುವುದಿಲ್ಲ, ಆದರೆ ಮೂಲೆಗಳಲ್ಲಿ ಎರಡು ಅಂತಸ್ತಿನ ಎತ್ತರಕ್ಕೆ ಕೊರೆದು ತೆಗೆದಂತಿರುವ ತೋಟದ ಜಗಲಿಗಳು ರಸ್ತೆಯಿಂದಲೇ ಕಾಣುತ್ತವೆ. ಮುಂಬಯಿಯಲ್ಲಿ ಕಡಲ ಗಾಳಿ ಬರುವುದು ಪಶ್ಚಿಮದಿಂದ. ಸುಡುಬಿಸಿಲು, ಮುಂಗಾರಿನ ಎರಚಲು ಬರುವುದೂ ಅಲ್ಲಿಂದಲೇ. ಹಳೆಯ ಬಂಗಲೆಗಳು ಸುತ್ತ ವರಾಂಡ ಕಟ್ಟಿಕೊಂಡು ಗಾಳಿಯನ್ನು ಒಳಗೆ ಬಿಟ್ಟು ಬಿಸಿಲು ಮಳೆಗಳನ್ನು ಹೊರಗೇ ತಡೆಯುತ್ತಿದ್ದವು. ಕೊರೆಯಾ ಅವರು ಆ ವರಾಂಡವನ್ನೇ ಎತ್ತರದ ಕಟ್ಟಡಕ್ಕೆ ಏರಿಸಿದರು. ನೋಡಲು ಅದು ಇಂದಿನ ಕಟ್ಟಡ. ಒಳಗಿನ ಯುಕ್ತಿ ಹಳೆಯ ಬಂಗಲೆಯದು.

ಅಲ್ಲಿಂದ ಓವಲ್ ಮೈದಾನದ ಪಶ್ಚಿಮದ ಸಾಲು, ಮರೀನ್ ಡ್ರೈವ್ ದೂರವಲ್ಲ. ಅಲ್ಲಿನ ಆರ್ಟ್ ಡೆಕೊ ಎಂಬ, 1930ರ ದಶಕದ ಸುಮಾರಿನ ಶೈಲಿಯ ಕಟ್ಟಡಗಳನ್ನು ಎದುರಿನ ವಿಕ್ಟೋರಿಯನ್ ಗಾಥಿಕ್ ಎಂಬ, ಹತ್ತೊಂಬತ್ತನೆಯ ಶತಮಾನದ ಚೂಪು ಕಮಾನಿನ ಶೈಲಿಯ ಕಟ್ಟಡಗಳೊಂದಿಗೆ 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅಷ್ಟು ದೂರ ಬೇಡವೆಂದರೆ ನಮ್ಮ ಮಾಟುಂಗಾದ ಫೈವ್ ಗಾರ್ಡನ್ಸ್ ಸುತ್ತ ನಡೆದು ಬನ್ನಿ. ಅದೇ ಕಾಲದ, ಅದೇ ಬಗೆಯ ಮನೆಗಳು ಇಲ್ಲಿಯೂ ಇವೆ. ಮುಂಭಾಗವನ್ನು ನೋಡಿ ಹಿಂತಿರುಗಬೇಡಿ, ಅನುಮತಿ ಪಡೆದು ಮೆಟ್ಟಿಲಿನ ಕಡೆಗೆ ಹೋಗಿ. ನಾನು ಇರುವ ಕಟ್ಟಡದ ಮೆಟ್ಟಿಲಿನ ತಿರುವಿನಲ್ಲಿ ಸಿಮೆಂಟಿನೊಳಗೆ ಅಮೃತಶಿಲೆಯ ಹರಳು ಬೆರೆಸಿ ಉಜ್ಜಿದ ಮೊಸಾಯಿಕ್ ನೆಲವಿದೆ, ಅಂಚಿಗೆ ಎರಡು ಬೆರಳಗಲದ ಕಪ್ಪು ಪಟ್ಟಿ. ಕೈಹಿಡಿಯ ತೇಗದ ಮರ ತಿರುವಿನಲ್ಲಿ ಮೂರು ತಲೆಮಾರಿನ ಅಂಗೈಗಳು ತಾಗಿ ಬೆಣ್ಣೆಯಂತಾಗಿದೆ. ಇಂದು ಟೆರಾಝೋ ಎಂಬ ಹೆಸರಿನಲ್ಲಿ ಮತ್ತೆ ಮೆಚ್ಚುಗೆ ಪಡೆಯುತ್ತಿರುವುದು ಇದೇ ಮೊಸಾಯಿಕ್.

ಹೋಗುವಾಗ ಅಳತೆಪಟ್ಟಿ ಮತ್ತು ಒಂದು ನೋಟುಪುಸ್ತಕ ಜೊತೆಯಲ್ಲಿರಲಿ. ಕುಳಿತಾಗ ಹಿತವೆನಿಸಿದ ಕಟ್ಟೆಯ ಎತ್ತರ, ಕಿಟಕಿಯಿಂದ ಕುರ್ಚಿಗೆ ಇರುವ ದೂರ, ಇವನ್ನು ಬರೆದುಕೊಳ್ಳಿ. ಚಿತ್ರದಲ್ಲಿ ಅಳತೆ ಸಿಗುವುದಿಲ್ಲ, ಮತ್ತು ಅಗಲ ಕೋನದ ಲೆನ್ಸಿನಲ್ಲಿ ತೆಗೆದ ಚಿತ್ರ ಹತ್ತಡಿಯ ಕೋಣೆಯನ್ನೂ ಹದಿನೈದು ಅಡಿಯದಾಗಿ ತೋರಿಸುತ್ತದೆ.

ಉತ್ತರ: ಪಣಜಿಯಿಂದ

ಅಕ್ಕಾ, ನಾನು ಕಾರವಾರದವಳು. ಪಣಜಿಗೆ ಬಂದು ಒಂಬತ್ತು ವರ್ಷವಾಯಿತು. ಹಿರಿಯರು ಹೇಳಿದ ಬೆಳಕಿನ ಮಾತಿಗೆ ನನ್ನದೊಂದು ಅನುಭವವನ್ನು ಸೇರಿಸುತ್ತೇನೆ.

ಗೋವಾದ ಹಳೆಯ ಮನೆಗಳ ಕಿಟಕಿಗಳಲ್ಲಿ ಗಾಜಿನ ಬದಲು ಚಿಪ್ಪುಗಳನ್ನು ಕಾಣಬಹುದು. ಒಂದು ಜಾತಿಯ ಸಿಂಪಿಯ ಚಪ್ಪಟೆ ಚಿಪ್ಪನ್ನು ಅಂಗೈಗಿಂತ ಚಿಕ್ಕ ಚೌಕಗಳಾಗಿ ಕತ್ತರಿಸಿ ಮರದ ಪಟ್ಟಿಗಳ ನಡುವೆ ಕೂರಿಸಿರುತ್ತಾರೆ. ಅಂತಹ ಕಿಟಕಿಯ ಪಕ್ಕ ನಾನು ಮೊದಲ ಬಾರಿ ನಿಂತದ್ದು ಮೇ ತಿಂಗಳ ಒಂದು ಮಧ್ಯಾಹ್ನ. ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಒಳಗೆ ಕೆಂಪು ನೆಲದ ಮೇಲೆ ಬಿದ್ದ ಬೆಳಕು ನೀರು ಬೆರೆಸಿದ ಹಾಲಿನಂತೆ ತೆಳ್ಳಗಿತ್ತು. ಬೆರಳಾಡಿಸಿದರೆ ಚಿಪ್ಪಿನ ಪದರಗಳು ಈರುಳ್ಳಿಯ ಸಿಪ್ಪೆಯಂತೆ ಕೈಗೆ ತಾಗಿದವು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅದನ್ನು ಕೂರಿಸುವುದು ಆಗದ ಮಾತು, ಇನ್ನೊಬ್ಬರ ಹಳೆಯ ಮನೆಯಿಂದ ಕಿತ್ತು ತಂದದ್ದನ್ನು ಕೊಳ್ಳಲು ಮನಸ್ಸೂ ಒಪ್ಪಲಿಲ್ಲ. ನನಗೆ ಬೇಕಾಗಿದ್ದದ್ದು ಆ ಬೆಳಕು ತಾನೆ ಎಂದುಕೊಂಡು, ಬಣ್ಣ ಹಾಕದ ಖಾದಿಯನ್ನು ಕಿಟಕಿಯ ಕೆಳಗಿನ ಮುಕ್ಕಾಲು ಭಾಗಕ್ಕೆ ಮಾತ್ರ ಇಳಿಬಿಟ್ಟೆ. ಮೇಲಿನ ಕಾಲು ಭಾಗದಿಂದ ಆಕಾಶ ಕಾಣುತ್ತದೆ, ಕೆಳಗೆ ಬೆಳಕು ಸೋಸಿ ಬರುತ್ತದೆ. ಮೀಟರಿನ ಲೆಕ್ಕದಲ್ಲಿ ಕೊಂಡ ಬಟ್ಟೆ; ನಮ್ಮ ಮನೆಗೆ ಬಂದವರೆಲ್ಲ ಮೊದಲು ಗಮನಿಸುವುದು ಅದನ್ನೇ.

ಗೋವಾಕ್ಕೆ ಬಂದರೆ ಸಾಲ್ವಾದೋರ್ ದೊ ಮುಂದೊ ಬಳಿಯ ತೋರ್ಡಾದಲ್ಲಿ ‘ಹೌಸಸ್ ಆಫ್ ಗೋವಾ’ ಎಂಬ ವಸ್ತುಸಂಗ್ರಹಾಲಯವಿದೆ. ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ ಅವರು ಅದನ್ನು ಹಡಗಿನ ಆಕಾರದಲ್ಲಿ ಕಟ್ಟಿದ್ದಾರೆ. ಬಾಗಿಲು, ಕಿಟಕಿ, ನೆಲದ ಹೆಂಚು, ಕುರ್ಚಿಗಳನ್ನು ಒಂದೊಂದಾಗಿ ಹತ್ತಿರದಿಂದ ನೋಡಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ. ಅದನ್ನು ನೋಡಿ ಊರೊಳಗೆ ಬಂದಾಗ ಮನೆಗಳ ಮುಂದಿನ ಬಲ್ಕಾಂವ್‌ಗಳ ಮೇಲೆ ಕಣ್ಣಿಡಿ. ಬೀದಿಗೆ ಮುಖಮಾಡಿ ಎರಡೂ ಬದಿಗೆ ಕಲ್ಲಿನ ಆಸನ ಕಟ್ಟಿದ ಆ ಮುಖಮಂಟಪ ನಮ್ಮ ಜಗಲಿಕಟ್ಟೆಯ ಒಡಹುಟ್ಟು. ನಿಮ್ಮ ಅತ್ತೆಯವರ ಪ್ರಶ್ನೆಗೆ ಉತ್ತರ ಅಲ್ಲಿದೆ ಎಂದು ನನಗನಿಸುತ್ತದೆ. ಅವರು ಸೋಫಾವನ್ನು ಹುಡುಕುತ್ತಿರಲಿಕ್ಕಿಲ್ಲ. ಒಳಗಿದ್ದೂ ಹೊರಗಿನದನ್ನು ನೋಡುತ್ತ ಕೂರುವ ಕಟ್ಟೆಯನ್ನು ಹುಡುಕುತ್ತಿರಬಹುದು. ಮುಂಬಯಿಯ ಫ್ಲ್ಯಾಟುಗಳಲ್ಲಿ ಹಾಲ್‌ನ ಕಿಟಕಿಗೆ ಅಗಲವಾದ ಕಲ್ಲಿನ ದಂಡೆ ಇರುವುದನ್ನು ನೋಡಿದ್ದೇನೆ. ನಿಮ್ಮಲ್ಲಿಯೂ ಇದ್ದರೆ ಅದರ ಎತ್ತರವನ್ನು ಅಳೆದು ನೋಡಿ. 17ರಿಂದ 18 ಅಂಗುಲವಿದ್ದರೆ ವಯಸ್ಸಾದವರಿಗೆ ಕೂರಲು, ಏಳಲು ಅನುಕೂಲ.

ಉತ್ತರ: ಡೊಂಬಿವಲಿಯಿಂದ

ಪಶ್ಚಿಮದ ಗೋಡೆಯ ಬಗ್ಗೆ ಒಂದೇ ಮಾತು. ನಮ್ಮ ಕೆಲಸ ಮಾಡಿಸಿದವರ ಮಾತು ಕೇಳಿ ನಾವು ವಾರ್ಡ್‌ರೋಬನ್ನು ಹೊರಗೋಡೆಗೆ ಒತ್ತಿ ಕೂರಿಸಿದೆವು. ಎರಡನೆಯ ಮಳೆಗಾಲದಲ್ಲಿ ಹಿಂದಿನ ಹಲಗೆ ಉಬ್ಬಿತು; ನನ್ನ ಹೆಂಡತಿಯ ಮದುವೆಯ ರೇಷ್ಮೆ ಸೀರೆಯ ಮಡಿಕೆಯಲ್ಲಿ ಬೂಷ್ಟು ಹಿಡಿದಿತ್ತು. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ನೀರು ಕುಡಿದರೆ ಮತ್ತೆ ಮೊದಲಿನಂತಾಗುವುದಿಲ್ಲ. ಅಡುಗೆಮನೆ ಮತ್ತು ಹೊರಗೋಡೆಯ ಬದಿಗೆ ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿರುವ, ನೀರು ತಡೆಯುವ ಮರೀನ್ ಪ್ಲೈವುಡ್ಡನ್ನೇ ಕೇಳಿ, ಗುರುತನ್ನು ಕಣ್ಣಾರೆ ನೋಡಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಗೋಡೆಗೂ ಬೀರುವಿಗೂ ನಡುವೆ ಗಾಳಿಯಾಡಲು ಎರಡು ಅಂಗುಲ ಬಿಡಿಸಿ. ಒಂದು ಮಳೆಗಾಲ ಆ ಮನೆಯಲ್ಲಿ ಇದ್ದು ಯಾವ ಗೋಡೆ ಬೆವರುತ್ತದೆಂದು ತಿಳಿದ ಮೇಲೆ ಮರದ ಕೆಲಸ ಮಾಡಿಸುವುದು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಉತ್ತರ: ಪುಣೆಯಿಂದ

ಮೇಡಂ, ಪುಣೆಗೆ ಬಂದಾಗ ಒಂದು ಬೆಳಗನ್ನು ಬಾಜಿರಾವ್ ರಸ್ತೆಯ ಬಳಿಯ ರಾಜಾ ದಿನಕರ್ ಕೇಳಕರ್ ವಸ್ತುಸಂಗ್ರಹಾಲಯಕ್ಕೆ ಮೀಸಲಿಡಿ. ದಿನಕರ್ ಕೇಳಕರ್ ಅವರು ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಮಗ ರಾಜಾನ ನೆನಪಿಗೆ ಆ ಹೆಸರಿಟ್ಟರು. ಅಲ್ಲಿರುವ ಬಹಳಷ್ಟು ವಸ್ತುಗಳು ಸಾಮಾನ್ಯ ಮನೆಗಳಲ್ಲಿ ದಿನವೂ ಬಳಕೆಯಲ್ಲಿದ್ದಂಥವು: ದೀಪ, ಅಡಕತ್ತರಿ, ಅಡುಗೆಯ ಪಾತ್ರೆ, ಕೆತ್ತನೆಯ ಬಾಗಿಲು. ಅಡಿಕೆ ಕತ್ತರಿಸುವ ಉಪಕರಣಕ್ಕೂ ಗಿಣಿಯ ಕೊಕ್ಕು, ಕುದುರೆಯ ಕತ್ತು ಕೊಟ್ಟ ಕೈಗಳು ಅದರ ಹಿಡಿತವನ್ನು ಕೆಡಿಸಿಲ್ಲ. ಅಲ್ಲಿಂದ ಕಸಬಾ ಪೇಠೆಯ ತಾಂಬಟ್ ಆಳಿ ಎಂಬ ತಾಮ್ರದ ಕೆಲಸಗಾರರ ಓಣಿಗೆ ಹೋದರೆ ತಾಮ್ರ ಬಡಿಯುವ ಸದ್ದು ಕೇಳುತ್ತದೆ. ಹಂಡೆ, ಕೊಡಗಳ ಮೇಲೆ ಬೀಳುತ್ತಿದ್ದ ಅದೇ ಸುತ್ತಿಗೆಯ ಗುರುತುಗಳನ್ನು ಈಗ ದೀಪದ ಬುಟ್ಟಿ, ತಟ್ಟೆಗಳ ಮೇಲೂ ಕಾಣಬಹುದು.

ಇದನ್ನೆಲ್ಲ ಕೊಂಡು ತಂದು ಗೋಡೆ ತುಂಬಿಸಿ ಎಂದು ನಾನು ಹೇಳುತ್ತಿಲ್ಲ. ಖಾಲಿ ಗೋಡೆಯ ನಡುವೆ ಒಂದೇ ವಸ್ತು ಇದ್ದಾಗ ಅದಕ್ಕೆ ಸಿಗುವ ಮರ್ಯಾದೆ ಹತ್ತರ ನಡುವೆ ಸಿಗುವುದಿಲ್ಲ. ಇಂದಿನ ವಿನ್ಯಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಗುಣ ಇದು. ನಿಮ್ಮ ಅತ್ತೆಯವರು ಬಾಗಲಕೋಟೆಯವರೆಂದಿರಿ. ಅವರ ಪೆಟ್ಟಿಗೆಯಲ್ಲಿ ಹಳೆಯ ಇಳಕಲ್ ಸೀರೆ ಇರಲೇಬೇಕು. ಒಡಲಿನ ಹಾಸುನೂಲಿಗೆ (ಮಗ್ಗದಲ್ಲಿ ಉದ್ದಕ್ಕೆ ಹಾಸಿದ ಎಳೆಗಳಿಗೆ) ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಜೋಡಿಸಿದ ಆ ಕೆಂಪು ಸೆರಗನ್ನು ಹತ್ತಿರದಿಂದ ನೋಡಿ, ಅದರ ಬಿಳಿ ಹಲ್ಲಿನಂತಹ ಗೆರೆಗಳು ಇಂದಿನ ಯಾವ ವಿನ್ಯಾಸಕ್ಕೂ ಸಾಟಿಯಾಗುತ್ತವೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿಯಿದ್ದರೆ ಅದನ್ನು ಪ್ಲಾಸ್ಟಿಕ್ ಚೀಲದಿಂದ ಹೊರಗೆ ತೆಗೆಯಿರಿ. ಗೋಡೆ, ನೆಲ, ಪರದೆಗಳ ಬಣ್ಣವನ್ನು ಬಣ್ಣದಂಗಡಿಯ ಪುಸ್ತಕದಿಂದ ಆರಿಸುವ ಬದಲು ಆ ಕೌದಿಯಿಂದ ಆರಿಸಿ.

ದೀಪಗಳ ವಿಷಯದಲ್ಲಿ ಪೊಟ್ಟಣದ ಮೇಲಿನ ಕೆಲ್ವಿನ್ ಸಂಖ್ಯೆಯನ್ನು ನೋಡಿ ಕೊಳ್ಳಿ; ಬೆಳಕಿನ ಬಣ್ಣವನ್ನು ಹೇಳುವ ಆ ಸಂಖ್ಯೆ ಕಡಿಮೆಯಿದ್ದಷ್ಟು ಬೆಳಕು ಹಳದಿ. ಕೂರುವ, ಮಲಗುವ ಕಡೆ 2700ರಿಂದ 3000 ಕೆಲ್ವಿನ್. 6500ರ ನೀಲಿ ಬಿಳುಪಿನಲ್ಲಿ ಇಳಕಲ್ಲಿನ ಕೆಂಪು ಸತ್ತಂತೆ ಕಾಣುತ್ತದೆ.

ಮರುಪ್ರಶ್ನೆ: ಥಾಣೆಯಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಸಂಜೆ ಅತ್ತೆಯವರನ್ನು ಕರೆದುಕೊಂಡು, ಅಳತೆಪಟ್ಟಿ ಹಿಡಿದು ಖಾಲಿ ಮನೆಗೆ ಹೋಗಿದ್ದೆವು. ಹಾಲ್‌ನ ಕಿಟಕಿಗೆ ಕಡಪ ಕಲ್ಲಿನ ದಂಡೆ ಇದೆ, 20 ಅಂಗುಲ ಅಗಲ. ಎತ್ತರ 24 ಅಂಗುಲ. ಅತ್ತೆಯವರು ಅದರ ಮೇಲೆ ಕುಳಿತಾಗ ಕಾಲು ನೆಲಕ್ಕೆ ಎಟುಕಲಿಲ್ಲ. ಆದ್ದರಿಂದ ದಂಡೆಯನ್ನು ಒಡೆಯದೆ, ಅದರ ಮುಂದೆ 18 ಅಂಗುಲ ಎತ್ತರದ, ಒಳಗೆ ಹಾಸಿಗೆ ಇಡಲು ಬರುವಂತಹ ಮರದ ಕಟ್ಟೆಯೊಂದನ್ನು ಮಾಡಿಸುತ್ತೇವೆ. ಹಿಂದಿನ ಕಲ್ಲಿನ ದಂಡೆ ಚಹಾದ ಲೋಟ ಇಡಲು, ತುಳಸಿಯ ಕುಂಡ ಇಡಲು ಉಳಿಯುತ್ತದೆ. ಟಿವಿಯ ಪ್ಯಾನೆಲ್ ಮತ್ತು ಹಾಲ್‌ನ ಫಾಲ್ಸ್ ಸೀಲಿಂಗನ್ನು ಕೈಬಿಟ್ಟಿದ್ದೇವೆ. ವಾರ್ಡ್‌ರೋಬಿನ ಕೆಲಸ ದೀಪಾವಳಿಯ ನಂತರ.

ಪುಣೆಯವರು ಹೇಳಿದಂತೆ ಸೀರೆಯೂ ಇದೆ, ಅತ್ತೆಯವರ ತಾಯಿಯದು. ಒಡಲು ಅಲ್ಲಲ್ಲಿ ಹರಿದಿದೆ, ಸೆರಗು ಗಟ್ಟಿಯಾಗಿದೆ. ಸೆರಗನ್ನು ಗಾಜಿನ ಚೌಕಟ್ಟಿನಲ್ಲಿ ಹಾಕಿಸಬಹುದೇ?

ಉತ್ತರ: ಪುಣೆಯಿಂದ

ಹಾಕಿಸಬಹುದು. ಸೀರೆಯನ್ನು ಕತ್ತರಿಸಬೇಡಿ, ಹರಿದ ಒಡಲನ್ನು ಹಿಂದಕ್ಕೆ ಸಡಿಲವಾಗಿ ಮಡಚಿ ಸೆರಗು ಮಾತ್ರ ಮುಂದೆ ಬರುವಂತೆ ಮಾಡಿ. ಬಿಳಿ ಹತ್ತಿ ಬಟ್ಟೆಯ ಮೇಲೆ ಅದನ್ನು ಸಣ್ಣ ಹೊಲಿಗೆಗಳಿಂದ ಹಿಡಿಸಬೇಕು, ಅಂಟು ತಾಗಿಸಲೇಬಾರದು. ಗಾಜು ಬಟ್ಟೆಗೆ ಒತ್ತದಂತೆ ನಡುವೆ ಅರ್ಧ ಅಂಗುಲ ಬಿಡಲು ಚೌಕಟ್ಟು ಮಾಡುವವರಿಗೆ ಹೇಳಿ, ಇಲ್ಲವಾದರೆ ಮಳೆಗಾಲದ ತೇವ ಒಳಗೇ ನಿಂತು ಕಲೆಯಾಗುತ್ತದೆ. ತೂಗುಹಾಕುವುದು ಹಾಲ್‌ನ ಒಳಗೋಡೆಗೆ, ಪಶ್ಚಿಮದ ಬಿಸಿಲು ನೇರವಾಗಿ ತಾಗದ ಕಡೆ.