ಫೇಲ್‌ಓವರ್ ಆದ ಕೂಡಲೇ ಕ್ಯೂ ಖಾಲಿ! ಎಂಎಸ್‌ಎಂಕ್ಯೂ ಗೊತ್ತಿದ್ದವರು ನೋಡಿ

ಮಂಡಿ_ಐಟಿ (ಶಿವಮೊಗ್ಗ): ತಲೆ ಕೆಟ್ಟು ಹೋಗಿದೆ. ವಿಂಡೋಸ್ ಸರ್ವರ್ 2019, ಫೇಲ್‌ಓವರ್ ಕ್ಲಸ್ಟರ್ (ಒಂದು ಸರ್ವರ್ ಬಿದ್ದರೆ ಅದರ ಕೆಲಸ ಇನ್ನೊಂದಕ್ಕೆ ಹೋಗುವ ವ್ಯವಸ್ಥೆ), ಎರಡು ನೋಡ್, ಅಂದರೆ ಎರಡು ಸರ್ವರ್. ಎಂಟ್ರಿಗಳನ್ನು ಸಾಲಾಗಿ (ಕ್ಯೂ) ಹಿಡಿದಿಡುವ ಮೈಕ್ರೋಸಾಫ್ಟ್‌ನ ಎಂಎಸ್‌ಎಂಕ್ಯೂ ಅನ್ನು ಕ್ಲಸ್ಟರ್‌ನಲ್ಲಿ ರೋಲ್ ಆಗಿ ಹಾಕಿದ್ದೇನೆ. ಮೊದಲ ನೋಡ್ ಆಫ್ ಮಾಡಿದರೆ ರೋಲ್ ಎರಡನೆಯದಕ್ಕೆ ಸಲೀಸಾಗಿ ಹೋಗುತ್ತದೆ. ಆದರೆ ಕ್ಯೂ ಖಾಲಿ! ರಾಶಿ, ಬೆಟ್ಟೆ, ಸರಕು, ಎಲ್ಲಾ ಅಡಿಕೆ ಲಾಟ್‌ನ ಎಂಟ್ರಿಯೂ ಮಾಯ. ಬೇಗ ಹೇಳಿ.

ಸಾಗರದವ: ಫೈರ್‌ವಾಲ್. ಎಂಎಸ್‌ಎಂಕ್ಯೂ ಬಳಸುವ ಟಿಸಿಪಿ ಪೋರ್ಟ್ 1801 ಓಪನ್ ಇದೆಯಾ?

ಮಂಡಿ_ಐಟಿ: ಎರಡೂ ಕಡೆ ಇದೆ ಸಾರ್.

ಸಾಗರದವ: 135, 2103, 2105? ಫೈರ್‌ವಾಲ್ ಪೂರ್ತಿ ಆಫ್ ಮಾಡಿ ನೋಡಿ.

ಮಂಡಿ_ಐಟಿ: ಮಾಡಿದೆ. ಅದೇ ಕಥೆ.

ಸಾಗರದವ: ಹಾಗಾದರೆ ಆಂಟಿವೈರಸ್ ಒಳಗಿನ ಫೈರ್‌ವಾಲ್. ಅದೇ, ಬೇರೆ ಏನೂ ಅಲ್ಲ.

ಕೊಪ್ಪ_ಲಿನಕ್ಸ್: ಈ ಕಾಲದಲ್ಲೂ ಎಂಎಸ್‌ಎಂಕ್ಯೂ ಎಂತಕ್ಕೆ ಮಾರಾಯ್ರೆ? ಅದೇ ಕೆಲಸಕ್ಕೆ ರ‍್ಯಾಬಿಟ್‌ಎಂಕ್ಯೂ ಹಾಕಿ, ಕ್ಯೂ ಮಿರರ್ ಮಾಡಿ (ಬೇರೆ ನೋಡ್‌ನಲ್ಲೂ ನಕಲು ಇರುತ್ತದೆ), ಮುಗೀತು.

ತುಂಗಾತೀರ: ಮಿರರ್ ಕ್ಯೂವನ್ನು 4.0ರಲ್ಲೇ ತೆಗೆದುಹಾಕಿದ್ದಾರೆ. ಈಗ ಕೋರಂ ಕ್ಯೂ, ಅರ್ಧಕ್ಕಿಂತ ಹೆಚ್ಚು ನೋಡ್ ಎದ್ದಿದ್ದರೆ ಮಾತ್ರ ನಡೆಯುತ್ತದೆ. ಇವರ ಹತ್ತಿರ ಇರುವುದೇ ಎರಡು ನೋಡ್. ಒಂದು ಬಿದ್ದರೆ ಬಹುಮತ ಎಲ್ಲಿಂದ ಬರುತ್ತದೆ?

ಕೊಪ್ಪ_ಲಿನಕ್ಸ್: ಮೂರನೆಯದಕ್ಕೆ ಒಂದು ಹಳೇ ಪಿಸಿ ಇಟ್ಟರಾಯ್ತು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದರೂ ನನ್ನ ಸರ್ವರ್ ನಿಲ್ಲುವುದಿಲ್ಲ. ಲಿಥಿಯಂ ಬ್ಯಾಟರಿ, ಸೋಲಾರ್, ಎರಡು ಕಂಪನಿಯ ಫೈಬರ್. ಫೋಟೋ ಹಾಕಲಾ?

ತುಂಗಾತೀರ: ಬೇಡ. ಮಂಡಿಯವರೇ, ಕ್ಯೂ ಖಾಲಿ ಅಂತ ಎಲ್ಲಿ ನೋಡಿದಿರಿ? ಎಂಟ್ರಿ ಕಳಿಸುವ ಪ್ರೋಗ್ರಾಂ ಎಲ್ಲಿ ಓಡುತ್ತಿದೆ?

ಮಂಡಿ_ಐಟಿ: ಕಂಪ್ಯೂಟರ್ ಮ್ಯಾನೇಜ್‌ಮೆಂಟ್‌ನಲ್ಲಿ ನೋಡಿದೆ. ಪ್ರೋಗ್ರಾಂ ಎರಡೂ ನೋಡ್‌ನಲ್ಲಿ ಮಾಮೂಲಿ ವಿಂಡೋಸ್ ಸರ್ವಿಸ್. ಕ್ಯೂನ ಪಾಥ್‌ನಲ್ಲಿ (ವಿಳಾಸ) ಕಂಪ್ಯೂಟರ್ ಹೆಸರಿನ ಜಾಗಕ್ಕೆ ಬರೀ ಚುಕ್ಕೆ ಇದೆ. ಹಾಂ, ಮೊದಲ ನೋಡ್ ಮತ್ತೆ ಆನ್ ಮಾಡಿದರೆ ಎಂಟ್ರಿ ಎಲ್ಲಾ ಅಲ್ಲೇ ಇರುತ್ತವೆ.

ತುಂಗಾತೀರ: ಇದನ್ನು ಮೊದಲೇ ಹೇಳಬೇಕಿತ್ತು ಅಲ್ವಾ! ಆ ಚುಕ್ಕೆ ಅಂದರೆ ಆಯಾ ನೋಡ್‌ನ ಲೋಕಲ್ ಎಂಎಸ್‌ಎಂಕ್ಯೂ. ಅದು ಸಿ ಡ್ರೈವ್‌ನಲ್ಲೇ ಇರುತ್ತದೆ, ಕ್ಲಸ್ಟರ್ ಡಿಸ್ಕ್ ಜೊತೆ ಹೋಗುವುದಿಲ್ಲ. ಕ್ಲಸ್ಟರ್‌ನ ಎಂಎಸ್‌ಎಂಕ್ಯೂ ಬೇರೆಯೇ. ಫೇಲ್‌ಓವರ್ ಕ್ಲಸ್ಟರ್ ಮ್ಯಾನೇಜರ್‌ನಲ್ಲಿ ರೋಲ್ ಮೇಲೆ ರೈಟ್ ಕ್ಲಿಕ್ ಮಾಡಿ ಅದನ್ನು ತೆರೆದು, ಕ್ಯೂ ಅಲ್ಲಿ ಮಾಡಿ. ಆಮೇಲೆ ನಿಮ್ಮ ಪ್ರೋಗ್ರಾಂ ಅನ್ನು ಜೆನೆರಿಕ್ ಸರ್ವಿಸ್ (ಕ್ಲಸ್ಟರ್ ನೋಡಿಕೊಳ್ಳುವ ಸರ್ವಿಸ್) ಆಗಿ ಅದೇ ರೋಲ್‌ಗೆ ಸೇರಿಸಿ. ಡಿಪೆಂಡೆನ್ಸಿಗೆ (ಅದಕ್ಕಿಂತ ಮೊದಲು ಶುರುವಾಗಬೇಕಾದವು) ಎಂಎಸ್‌ಎಂಕ್ಯೂ, ನೆಟ್‌ವರ್ಕ್ ನೇಮ್ (ರೋಲ್‌ನ ಹೆಸರು) ಎರಡನ್ನೂ ಕೊಡಿ. ‘ಯೂಸ್ ನೆಟ್‌ವರ್ಕ್ ನೇಮ್ ಫಾರ್ ಕಂಪ್ಯೂಟರ್ ನೇಮ್’ ಟಿಕ್ ಮಾಡಲೇಬೇಕು. ಇಲ್ಲದಿದ್ದರೆ ಚುಕ್ಕೆ ಮತ್ತೆ ಲೋಕಲ್ ಕ್ಯೂಗೇ ಹೋಗುತ್ತದೆ.

ಸಾಗರದವ: ಆದರೂ ಒಂದ್ಸಲ ಆಂಟಿವೈರಸ್ ತೆಗೆದು ನೋಡಿ.

ಮಂಡಿ_ಐಟಿ: ಟಿಕ್ ಹಾಕಿದೆ. ಈಗ ಹೊಸ ಎಂಟ್ರಿ ಯಾವ ನೋಡ್‌ಗೆ ಹೋದರೂ ಸಿಗುತ್ತಿವೆ. ಹಳೇ ಎಂಟ್ರಿ ಮಾತ್ರ ಮೊದಲ ನೋಡ್‌ನ ಲೋಕಲ್ ಕ್ಯೂನಲ್ಲೇ ಇವೆ. ಅವನ್ನು ಈ ಕಡೆ ತರುವುದು ಹೇಗೆ? ಯಾರಾದರೂ ಇದ್ದೀರಾ?