ಕ್ಲಾಸ್ ಬಿ ವಾಯುಪ್ರದೇಶದ ಒಳಗೆ ಹೋಗೋಕೆ ರೇಡಿಯೋದಲ್ಲಿ ಏನು ಕೇಳಿಸಬೇಕು?

ಪ್ರಶ್ನೆ: ಅಮೆರಿಕದಲ್ಲಿ ಪೈಲಟ್ ಲೈಸೆನ್ಸ್ ಸಿಕ್ಕಿ ಮೂರು ತಿಂಗಳಾಯಿತು. ಮೊನ್ನೆ ಸೆಸ್ನಾ 172 ಅನ್ನೋ ಪುಟ್ಟ ವಿಮಾನದಲ್ಲಿ ದೂರ ಹೊರಟಿದ್ದೆ. ಫ್ಲೈಟ್ ಫಾಲೋಯಿಂಗ್ (ಕಂಟ್ರೋಲರ್ ರೇಡಾರ್‌ನಲ್ಲಿ ನೋಡ್ತಾ ಬೇರೆ ವಿಮಾನಗಳ ಬಗ್ಗೆ ಎಚ್ಚರಿಸುವ ಸೇವೆ) ಇತ್ತು, ರೇಡಾರ್‌ನಲ್ಲಿ ಕಾಣಿಸ್ತಿದ್ದೀರಿ ಎಂದೂ ಅವರು ಹೇಳಿದ್ದರು. ಆದರೂ ಕ್ಲಾಸ್ ಬಿ, ಅಂದರೆ ದೊಡ್ಡ ವಿಮಾನ ನಿಲ್ದಾಣದ ಸುತ್ತಲಿನ ನಿಯಂತ್ರಿತ ವಾಯುಪ್ರದೇಶದ ಅಂಚಿನಲ್ಲಿ ಕೈ ಬೆವರಿತು. ಹೊರಗೇ ಎರಡು ಸುತ್ತು ಹಾಕಿದೆ. ಸುಮ್ನೆ ಹೆದರಿದೆನಾ?

ಉತ್ತರ 1: ಇಲ್ಲ ಸರ್, ಸರಿಯಾಗೇ ಮಾಡಿದ್ದೀರಿ. ಫಾಲೋಯಿಂಗ್ ಅಂದರೆ ಅನುಮತಿ ಅಲ್ಲ. ಕ್ಲಾಸ್ ಬಿಗೆ ‘ಕ್ಲಿಯರ್ಡ್’ ಅನ್ನುವ ಮಾತು ಕಿವಿಗೆ ಬೀಳಲೇಬೇಕು. ಅದಕ್ಕಿಂತ ಚಿಕ್ಕ ನಿಲ್ದಾಣಗಳ ಸುತ್ತಲಿನ ಕ್ಲಾಸ್ ಸಿ, ಡಿ ಬೇರೆ. ಅಲ್ಲಿ ಕಂಟ್ರೋಲರ್ ನಿಮ್ಮ ಕಾಲ್‌ಸೈನ್ (ವಿಮಾನದ ರೇಡಿಯೋ ಹೆಸರು) ಹೇಳಿ ‘ಸ್ಟ್ಯಾಂಡ್‌ಬೈ’ (ಸ್ವಲ್ಪ ತಾಳಿ) ಅಂದರೂ ನೀವು ಒಳಗೆ ಹೋಗಬಹುದು. ಕಾಲ್‌ಸೈನ್ ಹೇಳಲಿಲ್ಲವಾ? ಹೊರಗೇ ಇರಿ.

ಉತ್ತರ 2: ಅನುಮಾನ ಬಂದರೆ ಬಾಯಿಬಿಟ್ಟು ಕೇಳಿ. ನಾನೂ ನಾಚಿಕೆಯಿಂದ ಕೇಳದೆ ಒಮ್ಮೆ ಬೈಸಿಕೊಂಡಿದ್ದೇನೆ.

ಪ್ರಶ್ನೆ ಕೇಳಿದವರು: ಅಬ್ಬಾ! ಆ ಎರಡು ಸುತ್ತಿನ ಇಂಧನ ದಂಡ ಆಗಲಿಲ್ಲ ಬಿಡಿ.